ಟೊಮೆಟೊ ಗಿಡ ದೊಡ್ಡದಾಗಬೇಕೇ? ಮೊದಲು ಬೇರು ಉಳಿಸಿ

ಒಂದೇ ಗಿಡದಲ್ಲಿ 18 ಕಿಲೋವರೆಗೆ ಟೊಮೆಟೊ! ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ಸಂಕರಣ ತಳಿ ಇಂಥ ಇಳುವರಿಗೆ ಹೆಸರಾಗಿದೆ. ನಮ್ಮ ಉಡುಪಿ, ಕಾರ್ಕಳದ ಹಿತ್ತಲಲ್ಲಿ ಇದು ಸಾಧ್ಯವೇ ಎಂದು ನೀವು ಕೇಳಬಹುದು.

ಕಾಯಿ ತುಂಬಿದ ಗಿಡ ಹಸಿರಾಗಿರುವಾಗಲೇ ಎರಡು ಮೂರು ದಿನಗಳಲ್ಲಿ ಬಾಡಿ ಸಾಯುವುದನ್ನು ನೀವು ಕಂಡಿರಬಹುದು. ಅದು ಸೊರಗು ರೋಗ. ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾ ಬೇರಿನ ಮೂಲಕ ಒಳಹೊಕ್ಕು, ನೀರು ಸಾಗುವ ನಾಳಗಳನ್ನು ಮುಚ್ಚಿಬಿಡುತ್ತದೆ. ಕರಾವಳಿಯ ಹುಳಿಮಣ್ಣು, ಸೆಕೆ, ತೇವ ಇವೆಲ್ಲ ಅದಕ್ಕೆ ಅನುಕೂಲ.

ಗುರುತಿಸುವುದು ಸುಲಭ. ಬಾಡಿದ ಕಾಂಡವನ್ನು ಕತ್ತರಿಸಿ, ತುದಿಯನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಡಿ. ಕೆಲವು ನಿಮಿಷಗಳಲ್ಲಿ ಹಾಲಿನಂಥ ಎಳೆ ಇಳಿದರೆ ಇದೇ ರೋಗ. ಔಷಧಿ ಸಿಂಪಡಿಸಿ ಗಿಡ ಉಳಿಸಲಾಗದು. ಬೇರುಸಹಿತ ಕಿತ್ತು ಸುಡಿ.

ಬದನೆ, ಮೆಣಸಿಗೂ ಇದೇ ರೋಗ ತಗಲುತ್ತದೆ. ಆದ್ದರಿಂದ ಕಾಪು ಬಳಿಯ ಮಟ್ಟುವಿನಲ್ಲಿ ಗುಳ್ಳ ಬೆಳೆಯುವವರು ಅದೇ ಸಾಲಿನಲ್ಲಿ ಟೊಮೆಟೊ ನೆಡದಿರುವುದು ಒಳ್ಳೆಯದು. ನೀರು ನಿಂತ ಭತ್ತದ ಗದ್ದೆಯಲ್ಲಿ ಈ ಬ್ಯಾಕ್ಟೀರಿಯಾ ಕಡಿಮೆಯಾಗುತ್ತದೆ. ಮಳೆ ಮುಗಿದು ಕೊಯ್ಲಾದ ಮೇಲೆ ಅಲ್ಲಿ ಏರುಮಡಿ ಮಾಡಿ ನೆಡಿ. ಮಣ್ಣು ಪರೀಕ್ಷೆ ಮಾಡಿಸಿ, ಅಗತ್ಯವಿದ್ದಷ್ಟೇ ಸುಣ್ಣ ಹಾಕಿ. ಕಳೆ ಕೀಳುವಾಗ ಬೇರಿಗೆ ಗಾಯವಾಗದಿರಲಿ.

ಅರ್ಕಾ ರಕ್ಷಕ್ ತಳಿಗೆ ಸೊರಗು ರೋಗ, ಎಲೆ ಮುದುಡು ರೋಗ, ಎಲೆ ಅಂಗಮಾರಿ ಈ ಮೂರನ್ನೂ ತಡೆಯುವ ಶಕ್ತಿಯಿದೆ. ಆದರೆ ಅದರ ಹಣ್ಣಿನ ಬೀಜ ತೆಗೆದಿಟ್ಟರೆ ಮುಂದಿನ ಬೆಳೆ ಹಾಗೆಯೇ ಬಾರದು. ಪ್ರತಿ ಸಲ ಹೊಸ ಬೀಜ ಬೇಕು.

ಮಣಿಪಾಲದ ತಾರಸಿಯಲ್ಲಿ ಬೆಳೆಸುವವರು ದೊಡ್ಡ ಚೀಲಕ್ಕೆ ರೋಗವಿಲ್ಲದ ಹೊಸ ಮಣ್ಣು ತುಂಬಿ, ಗಟ್ಟಿ ಊರುಗೋಲು ಕೊಡಿ. ಬೇರು ಆರೋಗ್ಯವಾಗಿದ್ದರೆ ಮಾತ್ರ ಹಾಕಿದ ಗೊಬ್ಬರ ಗಿಡಕ್ಕೆ ದಕ್ಕೀತು.