ಕೀಲೆಣ್ಣೆ

ಹೋದ ವರ್ಷ ಬಿ.ಎ. ತರಗತಿಯಲ್ಲಿ ದೇವರ ದಾಸಿಮಯ್ಯನ ವಚನವೊಂದನ್ನು ಪಾಠ ಮಾಡುತ್ತಿದ್ದೆ. ಒಡಲನ್ನು ಬಂಡಿಗೆ ಹೋಲಿಸಿ, ಶಿವಭಕ್ತರ ಮಾತೇ ಅದಕ್ಕೆ ಕಡೆಗೀಲೆಂದು ಹೇಳುವ ವಚನ ಅದು. ಕಡೆಗೀಲೆಂದರೇನೆಂದು ಕೇಳಿದೆ, ಉತ್ತರ ಬರಲಿಲ್ಲ. ಚಕ್ರ ಕಳಚಿ ಬೀಳದಂತೆ ಅಚ್ಚಿನ ತುದಿಗೆ ತೂರಿಸುವ ಕಬ್ಬಿಣದ ಮೊಳೆ ಎಂದು ಹಲಗೆಯ ಮೇಲೆ ಚಿತ್ರ ಬರೆದು ತೋರಿಸಿದೆ. ಅದನ್ನು ಕಿತ್ತು, ಚಕ್ರವನ್ನು ಸರಿಸಿ, ಅಚ್ಚಿಗೆ ಬಳಿಯುತ್ತಿದ್ದ ಕೀಲೆಣ್ಣೆಯ ವಿಚಾರವನ್ನೂ ಹೇಳಿದೆ. ಆ ಮಾತನ್ನು ಅವರು ಕೇಳಿಯೇ ಇರಲಿಲ್ಲ. ಪಾಠ ಮುಗಿದಾಗ ನನ್ನ ತಿಳಿವಳಿಕೆಯ ವಿಷಯದಲ್ಲಿ ನನಗೆ ಸ್ವಲ್ಪ ಹೆಮ್ಮೆಯೇ ಆಯಿತೆನ್ನಬೇಕು. ಹದಿನೈದು ದಿನಗಳೊಳಗಾಗಿ ನಮ್ಮ ಮನೆಯ ಗಾಡಿಯೇ ಆ ಹೆಮ್ಮೆಯನ್ನು ಇಳಿಸಿತು.

ನಮ್ಮದು ಬೇಲೂರಿನ ಸಮೀಪದ ಒಂದು ಹಳ್ಳಿ. ನಾನು ಚಿಕ್ಕವನಾಗಿದ್ದಾಗ ಮನೆಯಲ್ಲಿ ಒಂದು ಜೊತೆ ಎತ್ತು, ಒಂದು ಗಾಡಿ ಇದ್ದುವು. ನಮ್ಮ ತಂದೆ ಹಳೇಬೀಡು, ಜಾವಗಲ್ಲುಗಳನ್ನು ಹಾದು ಅರಸೀಕೆರೆಯವರೆಗೆ ಗಾಡಿ ಹೊಡೆದವರು. ಹೊರಡುವ ಹಿಂದಿನ ಸಂಜೆ ಕೀಲೆಣ್ಣೆ ಹಾಕುವ ಕೆಲಸ. ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ, ಗಾಡಿಯ ಕೆಳಗೆ ನೇತುಹಾಕಿರುತ್ತಿದ್ದರು. ಬಟ್ಟೆ ಸುತ್ತಿದ ಕಡ್ಡಿಯಿಂದ ಅದನ್ನು ಅಚ್ಚಿಗೆ ಬಳಿಯುವಾಗ ಹತ್ತಿರ ನಿಂತ ನಮ್ಮ ಅಂಗಿಗೂ ಅದು ತಾಗುತ್ತಿತ್ತು. ಆ ಕಲೆ ಅಂಗಿ ಹರಿಯುವವರೆಗೂ ಹೋಗುತ್ತಿರಲಿಲ್ಲ. ಎಂದಾದರೂ ಮರೆತರೆ ಗಾಡಿ ತಾನೇ ಕೇಳುತ್ತಿತ್ತು. ಒಣಗಿದ ಅಚ್ಚಿನ ಕೀರಲು ದನಿ ಒಂದು ಹರದಾರಿ ದೂರಕ್ಕೆ ಕೇಳುವುದು. ಎದುರಾದ ಗಾಡಿಯವರು, 'ಎಣ್ಣೆಗೂ ಬಡತನವೇ ಗೌಡರೇ?' ಎಂದು ಹಾಸ್ಯ ಮಾಡುವರು.

ಎತ್ತು ಹೋಗಿ, ಗಾಡಿ ಹೋಗಿ, ಈಗ ಮನೆಯಲ್ಲಿರುವುದು ಪಿಕಪ್ ಗಾಡಿ. ಹಣ ಹಾಕಿದವರು ನಾನು ಮತ್ತು ನನ್ನ ತಮ್ಮ, ಇಬ್ಬರೂ. ಶುಂಠಿಯ ಮೂಟೆ, ಗೊಬ್ಬರ, ಆಳುಗಳು ಎಂದು ಅದನ್ನು ದಿನವೂ ಓಡಿಸುವವನು ತಮ್ಮ. ರಜೆಯಲ್ಲಿ ಓಡಿಸುವವನು ನಾನು. ಎರಡು ವರ್ಷಗಳ ಹಿಂದೆ ಜಮೀನಿನ ಪಾಲಿನ ಮಾತು ಬಂದಿತು. ಜಗಳವೇನೂ ಆಗಲಿಲ್ಲ, ಜಗಳವಾಗಿದ್ದರೆ ಚೆನ್ನಾಗಿತ್ತೇನೋ. ನಮ್ಮಿಬ್ಬರ ನಡುವೆ ಮಾತು ಕಡಮೆಯಾಗಿ, ಉಳಿದುದೆಲ್ಲ ತಂದೆಯವರ ಮೂಲಕ ನಡೆಯತೊಡಗಿತು. ಗಾಡಿಯನ್ನು ದಿನವೂ ಓಡಿಸುವವನು ಅವನು, ಆದ್ದರಿಂದ ಅವನೇ ನೋಡಿಕೊಳ್ಳುತ್ತಾನೆಂದು ನಾನೆಂದುಕೊಂಡೆ. ರಿಪೇರಿಯ ಲೆಕ್ಕ ಬರೆದಿಡುವವನು ಅಣ್ಣ, ಆದ್ದರಿಂದ ಅವನೇ ಮಾಡಿಸುತ್ತಾನೆಂದು ಅವನೆಂದುಕೊಂಡ.

ಒಂದು ಮಧ್ಯಾಹ್ನ ಕಾಲೇಜಿನಲ್ಲಿದ್ದಾಗ ತಮ್ಮನ ಫೋನು ಬಂದಿತು. ಅವನು ನನಗೆ ನೇರವಾಗಿ ಫೋನು ಮಾಡಿ ತಿಂಗಳುಗಳಾಗಿದ್ದುವು. 'ಅಣ್ಣಾ, ಗಾಡಿ ಕೈಕೊಡ್ತು. ಯಾರಿಗೂ ಏನೂ ಆಗಿಲ್ಲ' ಎಂದ. ಶುಂಠಿ ತುಂಬಿಕೊಂಡು ದಿಣ್ಣೆ ಹತ್ತುತ್ತಿದ್ದಾಗ ಕೆಳಗೆ ಏನೋ ಮುರಿದ ಸದ್ದಾಯಿತಂತೆ. ಎಂಜಿನ್ನು ಮೊರೆಯುತ್ತಿದೆ, ಗಾಡಿ ಮಾತ್ರ ಹಿಂದಕ್ಕೆ ಜಾರುತ್ತಿದೆ! ಹಿಂದೆ ಮೂಟೆಗಳ ಮೇಲೆ ಇಬ್ಬರು ಹೆಣ್ಣಾಳುಗಳು. ಅವನು ಬ್ರೇಕನ್ನು ಬಲವಾಗಿ ಒತ್ತಿ ಹಿಡಿದ. ಪಕ್ಕದಲ್ಲಿದ್ದ ಹುಡುಗ ಹಾರಿ ಚಕ್ರಕ್ಕೆ ಕಲ್ಲು ಕೊಟ್ಟ. ನಾನು ಹೋಗಿ ನೋಡಿದಾಗ ಗಾಡಿಯ ಕೆಳಗಿನ ಉದ್ದನೆಯ ಉಕ್ಕಿನ ಕೊಳವೆ ಹಿಂದಿನ ತುದಿಯಲ್ಲಿ ಕಳಚಿ, ಹಸುವಿನ ಮುರಿದ ಕಾಲಿನಂತೆ ನೆಲದ ಮೇಲೆ ಬಿದ್ದಿತ್ತು.

ಆ ಕೊಳವೆಯೇ ಪ್ರೊಪೆಲ್ಲರ್ ಶಾಫ್ಟು. ಮುಂದಿರುವ ಎಂಜಿನ್ನಿನ ತಿರುಗುಬಲವನ್ನು ಗೇರುಪೆಟ್ಟಿಗೆಯಿಂದ ಹಿಂದಿನ ಅಚ್ಚಿಗೆ ಒಯ್ಯುವುದು ಇದರ ಕೆಲಸ. ಗೇರುಪೆಟ್ಟಿಗೆ ಚೌಕಟ್ಟಿಗೆ ಬಿಗಿದು ಕುಳಿತಿರುತ್ತದೆ. ಹಿಂದಿನ ಅಚ್ಚಾದರೋ ಹಳ್ಳ ದಿಣ್ಣೆಗಳಿಗೆ ತಕ್ಕಂತೆ ಸ್ಪ್ರಿಂಗಿನ ಮೇಲೆ ಏರಿಳಿಯುತ್ತದೆ. ಒಂದು ಕೊನೆ ಅಲುಗದು, ಇನ್ನೊಂದು ನಿಲ್ಲದು. ನಡುವೆ ನೇರವಾದ ಸರಳೊಂದೇ ಇದ್ದರೆ ಮುರಿಯಬೇಕಷ್ಟೆ. ಆದ್ದರಿಂದ ಎರಡು ತುದಿಗಳಲ್ಲಿಯೂ ಬಾಗುವ ಕೀಲುಗಳನ್ನಿಟ್ಟಿರುತ್ತಾರೆ. ಇಟಲಿಯ ಕಾರ್ಡಾನೋ (1501–1576), ಇಂಗ್ಲೆಂಡಿನ ರಾಬರ್ಟ್ ಹುಕ್ (1635–1703) ಇವರ ಹೆಸರುಗಳು ಈ ಕೀಲಿಗೆ ಅಂಟಿಕೊಂಡಿವೆ. ಇದರ ಒಂದು ಗುಣ ಸ್ವಾರಸ್ಯವಾದುದು. ಬಾಗಿದ ಕೀಲು ಒಂದೇ ಆದರೆ ತಿರುಗುವ ವೇಗ ಪ್ರತಿ ಸುತ್ತಿನಲ್ಲಿಯೂ ಹೆಚ್ಚುಕಡಮೆಯಾಗುತ್ತದೆ. ಸರಿಯಾಗಿ ಜೋಡಿಸಿದ ಎರಡನೆಯ ಕೀಲು ಮೊದಲನೆಯದರ ಏರುಪೇರನ್ನು ಸರಿದೂಗಿಸುತ್ತದೆ.

ಮೆಕ್ಯಾನಿಕ್ಕು ಮುರಿದ ಕೀಲನ್ನು ಬಿಚ್ಚಿ ನನ್ನ ಅಂಗೈ ಮೇಲಿಟ್ಟ. ಕೂಡಿಸುವ ಗುರುತಿನಂತಿರುವ ನಾಲ್ಕು ತೋಳಿನ ಉಕ್ಕಿನ ತುಂಡು. ಅದಕ್ಕೆ ಅವರು ಕ್ರಾಸು ಎನ್ನುತ್ತಾರೆ. ಪ್ರತಿ ತೋಳಿಗೂ ಒಂದು ಬಟ್ಟಲು, ಬಟ್ಟಲೊಳಗೆ ಸುತ್ತಲೂ ಸೂಜಿಯಂಥ ಸಣ್ಣ ಉರುಳೆಗಳು ಇರಬೇಕು. ಇಲ್ಲಿ ಉರುಳೆಗಳಿರಲಿಲ್ಲ, ಇಟ್ಟಿಗೆಯ ಪುಡಿಯಂಥ ತುಕ್ಕು ಇತ್ತು. 'ಮೇಷ್ಟ್ರೇ, ಇದು ಗ್ರೀಸ್ ಕಂಡು ಎಷ್ಟು ಕಾಲ ಆಯ್ತು?' ಎಂದು ಅವನು ಕೇಳಿದ. ನಾನು ತಮ್ಮನ ಮುಖ ನೋಡಿದೆ. ತಮ್ಮ ನನ್ನ ಮುಖ ನೋಡಿದ.

ಮುಂದಿನ ಭಾನುವಾರ ಒಂದು ಗ್ರೀಸ್ ಗನ್ನು ಕೊಂಡು ಹಳ್ಳಿಗೆ ಹೋದೆ. ಈ ಕೆಲಸ ಮನೆಯಲ್ಲಿಯೇ ಆಗತಕ್ಕದ್ದು. ಆದರೆ ಒಬ್ಬನಿಂದ ಆಗುವುದು ಕಷ್ಟ. ಸಮನೆಲದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ನು ಆರಿಸಿದೆವು. ಕ್ರಾಸಿನ ನಡುವೆ ಇರುವ ಗ್ರೀಸ್ ನಿಪ್ಪಲ್ಲು ಕೈಗೆಟುಕುವಂತೆ ಕೆಳಮುಖವಾಗಬೇಕು. ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಶಾಫ್ಟು ನಾಲ್ಕಾರು ಸುತ್ತು ತಿರುಗುವುದರಿಂದ, ಗಾಡಿಯನ್ನು ಒಂದು ಗೇಣು ತಳ್ಳಿದರೂ ಸಾಕು. ತಮ್ಮ ತಳ್ಳಿದ, ನಾನು ಪಕ್ಕದಿಂದ ಬಗ್ಗಿ ನೋಡಿ 'ಸಾಕು' ಎಂದೆ. ಆಮೇಲೆ ಗೇರು ಹಾಕಿ, ಕೈಬ್ರೇಕು ಎಳೆದು, ನಾಲ್ಕು ಚಕ್ರಗಳಿಗೂ ಕಲ್ಲು ಕೊಟ್ಟು ಕೆಳಗೆ ಹೊಕ್ಕೆ. ಬರಿಯ ಜಾಕಿಯನ್ನು ನಂಬಿ ಗಾಡಿಯ ಕೆಳಗೆ ಯಾರೂ ಮಲಗಬಾರದು.

ಜಗಲಿಯ ಮೇಲೆ ಕುಳಿತಿದ್ದ ತಂದೆಯವರು, 'ಮೊದ್ಲು ಧೂಳು ಒರೆಸ್ಲಾ. ಎಣ್ಣೆ ಜೊತೆ ಮಣ್ಣು ಹೋದ್ರೆ ಎಣ್ಣೆ ಹಾಕ್ದೆ ಇರೋದೇ ಮೇಲು' ಎಂದರು. ಅವರು ಪಿಕಪ್ಪಿನ ಕೆಳಗೆ ಎಂದೂ ಮಲಗಿದವರಲ್ಲ. ಆದರೂ ಮಾತು ಸರಿಯಾಗಿತ್ತು. ನಿಪ್ಪಲ್ಲನ್ನು ಒರೆಸಿ, ಗನ್ನಿನ ಮೂತಿ ಸಿಕ್ಕಿಸಿ, ನಿಧಾನವಾಗಿ ಒತ್ತಿದೆ. ಹೊಸ ಗ್ರೀಸು ನಾಲ್ಕು ಬಟ್ಟಲುಗಳ ಅಂಚಿನಲ್ಲಿಯೂ ಹೊರಗೆ ಇಣುಕಬೇಕು. ಒಂದರಲ್ಲಿ ಬಾರದಿದ್ದರೆ ಅದೊಂದು ತೋಳು ಒಣಗಿಯೇ ಉಳಿದಿದೆಯೆಂದು ಅರ್ಥ. ಶಾಫ್ಟು ಉದ್ದಗಿಡ್ಡವಾಗಲು ಜಾರುವ ಜಾಗಕ್ಕೆ ಮಾತ್ರ ಎರಡು ಮೂರು ಒತ್ತು ಸಾಕು. ಈಚಿನ ಕೆಲವು ಗಾಡಿಗಳಲ್ಲಿ ಕೀಲನ್ನು ಮುಚ್ಚಿಯೇ ಕಳುಹಿಸುತ್ತಾರೆ, ನಿಪ್ಪಲ್ಲೇ ಇರುವುದಿಲ್ಲ. ಗಾಡಿಯ ಜೊತೆ ಕೊಟ್ಟ ಕೈಪಿಡಿಯನ್ನು ಓದಿಕೊಳ್ಳಬೇಕು. ಪುಸ್ತಕ ಓದಿಸುವ ನಾನೇ ಅದನ್ನು ಓದಿರಲಿಲ್ಲ!

ತಂದೆಯವರು ಗ್ರೀಸನ್ನು ಬೆರಳಲ್ಲಿ ತೀಡಿ, ಮೂಸಿ ನೋಡಿದರು. 'ಜಿಡ್ಡೇನೋ ಐತೆ. ಹರಳೆಣ್ಣೆ ಇಲ್ಲ' ಎಂದರು. ಮರುದಿನ ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಅಧ್ಯಾಪಕರಿಗೆ ಇದನ್ನು ಹೇಳಿ ನಕ್ಕೆ. ಅವರು ನಗಲಿಲ್ಲ. ನಾವು ಹಾಕಿದ ಲಿಥಿಯಂ ಗ್ರೀಸಿನಲ್ಲಿ ಎಣ್ಣೆಯನ್ನು ಹಿಡಿದು ನಿಲ್ಲಿಸುವುದು ಒಂದು ಬಗೆಯ ಸಾಬೂನು. ಸಾಮಾನ್ಯವಾಗಿ ಅದನ್ನು ತಯಾರಿಸಲು ಬೇಕಾದ ಆಮ್ಲ ಬರುವುದು ಹರಳೆಣ್ಣೆಯಿಂದಲೇ ಎಂದರು. ಬಿದಿರಿನ ಗೊಟ್ಟ ಹೋಗಿ ಡಬ್ಬಿ ಬಂದರೂ ಹರಳುಗಿಡ ನಮ್ಮನ್ನು ಬಿಟ್ಟಿಲ್ಲ. ಸಂಜೆ ತಂದೆಯವರಿಗೆ ತಿಳಿಸಿದಾಗ, 'ಹಂಗಾದ್ರೆ ಅದೂ ಕೀಲೆಣ್ಣೆನೇ ಬಿಡು' ಎಂದು ಸಮಾಧಾನಪಟ್ಟರು. ಕನ್ನಡದಲ್ಲಿ ಕೀಲೆಂದರೆ ಮೊಳೆಯೂ ಹೌದು, ಮೂಳೆಯ ಸಂದೂ ಹೌದು. ಅವರ ಮಾತಿಗೆ ನಾನು ತಿದ್ದುವಂಥದು ಏನೂ ಇರಲಿಲ್ಲ.

ಚರಕಸಂಹಿತೆಯಲ್ಲಿ ಅಭ್ಯಂಗದ ಗುಣವನ್ನು ಹೇಳುವಾಗ ಎಣ್ಣೆ ಕಂಡ ಅಚ್ಚಿನ ಉಪಮೆ ಬರುತ್ತದೆ. ಅಲ್ಲಿ ಎಣ್ಣೆಗೆ ಇರುವ ಮಾತು 'ಸ್ನೇಹ'. ನಾವು ಗೆಳೆತನಕ್ಕೆ, ಒಲುಮೆಗೆ ಬಳಸುವ ಮಾತೂ ಅದೇ. ತರಗತಿಯಲ್ಲಿ ಈ ಎರಡು ಅರ್ಥಗಳನ್ನು ಎಷ್ಟೋ ಸಲ ಹೇಳಿದ್ದೇನೆ. ಬೆನ್ನು ನೆಲಕ್ಕೆ ತಾಗಿಸಿ ಮಲಗಿದ ಮೇಲೆ ಅದು ಬೇರೆಯಾಗಿ ಕೇಳಿಸಿತು. ಎತ್ತಿನ ಗಾಡಿ ಒಣಗಿದರೆ ಕೂಗುತ್ತಿತ್ತು. ಈ ಕೀಲು ಮುರಿಯುವ ಮೊದಲು ಕೊಟ್ಟ ಸೂಚನೆ ಬಲು ಸಣ್ಣದು: ಹೊರಡುವಾಗ ಕೆಳಗಿನಿಂದ 'ಟಕ್' ಎಂಬ ಒಂದು ಸದ್ದು. ಇಬ್ಬರೂ ಕೇಳಿದ್ದೆವು, ಒಬ್ಬರಿಗೊಬ್ಬರು ಹೇಳಿರಲಿಲ್ಲ.

ಪಾಲಿನ ಮಾತು ಇನ್ನೂ ಮುಗಿದಿಲ್ಲ. ಆದರೆ ಅಡಿಗೆಮನೆಯ ಬಾಗಿಲ ಪಕ್ಕದ ಕ್ಯಾಲೆಂಡರಿನಲ್ಲಿ ತಿಂಗಳಿಗೊಂದು ಭಾನುವಾರಕ್ಕೆ ತಮ್ಮ ಗುರುತು ಹಾಕಿದ್ದಾನೆ. ಅಂದು ಅವನು ತಳ್ಳುತ್ತಾನೆ, ನಾನು ಕೆಳಗೆ ಮಲಗುತ್ತೇನೆ. ತಂದೆಯವರು ಧೂಳು ಒರೆಸಬೇಕೆಂದು ತಪ್ಪದೆ ನೆನಪು ಮಾಡುತ್ತಾರೆ. ಹೋದ ಸಲ ನನ್ನ ಬಿಳಿಯ ಅಂಗಿಯ ತೋಳಿಗೆ ಗ್ರೀಸು ತಾಗಿತು. ಆ ಕಲೆ ಇನ್ನೂ ಹೋಗಿಲ್ಲ.