ತಂತಿ ಸಾಲದ ಕಡೆ ಗಣಿತ: ಇಂಜಿನಿಯರ್ ರಾಜೇಶ್ವರಿ ಚಟರ್ಜಿ



ಹತ್ತನೇ ತರಗತಿ ಮುಗಿಯೋ ಹೊತ್ತಿಗೆ ನಿಮ್ಮಲ್ಲಿ ಕೆಲವು ಹುಡುಗಿಯರ ಕಿವಿಗೆ ಒಂದು ಮಾತು ಬೀಳಬಹುದು: “ಗಣಿತ ಚೆನ್ನಾಗಿ ಬರುತ್ತೆ, ನಿಜ. ಆದರೆ ಇಂಜಿನಿಯರಿಂಗ್ ಗಂಡುಮಕ್ಕಳ ಕೆಲಸ. ನೀನು ಟೀಚರ್ ಆದರೆ ಸಾಕು.” ಟೀಚರ್ ಆಗೋದು ಒಳ್ಳೆಯದೇ, ನಾವೂ ಅದನ್ನೇ ಆಗಿದ್ದೇವೆ. ಆದರೆ ಆ ‘ಸಾಕು’ ಅನ್ನೋ ಪದ ನೀವು ಹೇಳಬೇಕಾದದ್ದು, ಬೇರೆಯವರಲ್ಲ. ಗಣಿತ ಓದಿ, ಇಂಜಿನಿಯರ್ ಆಗಿ, ಕೊನೆಗೆ ಅದನ್ನೇ ಕಲಿಸಿದ ಒಬ್ಬ ಕನ್ನಡ ನಾಡಿನ ಹೆಣ್ಣುಮಗಳ ಕಥೆ ಈ ಸಲ ಓದಿ.

ಮುಚ್ಚಿದ ಬಾಗಿಲು, ತೆರೆದ ಬಾಗಿಲು

ರಾಜೇಶ್ವರಿ ಹುಟ್ಟಿದ್ದು 1922ರಲ್ಲಿ, ಆಗಿನ ಮೈಸೂರು ಸಂಸ್ಥಾನದಲ್ಲಿ. ಅವರ ಅಜ್ಜಿ ಕಮಲಮ್ಮ ದಾಸಪ್ಪ ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಹೆಣ್ಣುಮಕ್ಕಳ ಓದಿಗಾಗಿ ದುಡಿದವರು. ಶಾಲೆ ಮುಗಿದಾಗ ಇತಿಹಾಸ ಓದೋದೋ, ವಿಜ್ಞಾನ ಓದೋದೋ ಎಂಬ ಗೊಂದಲ ರಾಜೇಶ್ವರಿಗೂ ಇತ್ತು. ಕೊನೆಗೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ ಎಂ.ಎಸ್ಸಿ.ಯಲ್ಲಿ ಮೊದಲ ಸ್ಥಾನ ಪಡೆದರು.

1943ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಸರ್ ಸಿ.ವಿ. ರಾಮನ್ ಅವರ ಬಳಿ ಸಂಶೋಧನೆ ಮಾಡುವ ಆಸೆ ಇತ್ತು. ಆದರೆ ಭೌತಶಾಸ್ತ್ರದ ಪದವಿ ಇಲ್ಲವೆಂದು ರಾಮನ್ ಒಪ್ಪಲಿಲ್ಲ. ರಾಜೇಶ್ವರಿ ಮನೆಗೆ ಹೋಗಲಿಲ್ಲ. ಅದೇ ಸಂಸ್ಥೆಯ ವಿದ್ಯುತ್ ತಂತ್ರಜ್ಞಾನ ವಿಭಾಗ ಸೇರಿಕೊಂಡರು.

ಎರಡನೇ ಮಹಾಯುದ್ಧ ಮುಗಿದ ಮೇಲೆ, ಹೊರದೇಶದಲ್ಲಿ ಓದಲು ಸರ್ಕಾರ ಕೊಡುತ್ತಿದ್ದ ವಿದ್ಯಾರ್ಥಿವೇತನಕ್ಕೆ ಅವರು ಆಯ್ಕೆಯಾದರು. 1947ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ವಿದ್ಯುತ್ ಇಂಜಿನಿಯರಿಂಗಿನಲ್ಲಿ ಸ್ನಾತಕೋತ್ತರ ಪದವಿ, ವಾಷಿಂಗ್ಟನ್ನಿನ ಮಾನಕ ಸಂಸ್ಥೆಯಲ್ಲಿ ರೇಡಿಯೋ ಅಳತೆಗಳ ಎಂಟು ತಿಂಗಳ ತರಬೇತಿ, ಮತ್ತೆ ಮಿಶಿಗನ್ನಿಗೆ ಬಂದು 1953ರಲ್ಲಿ ಪಿಎಚ್‌.ಡಿ. ಅದೇ ವರ್ಷ ಊರಿಗೆ ಮರಳಿ, ತಾವು ಓದಿದ ಸಂಸ್ಥೆಯಲ್ಲೇ ಅಧ್ಯಾಪಕಿಯಾದರು. ಅಲ್ಲೇ ಅಧ್ಯಾಪಕರಾಗಿದ್ದ ಶಿಶಿರ್ ಕುಮಾರ್ ಚಟರ್ಜಿಯವರನ್ನು ಮದುವೆಯಾದರು.

ಮೈಕ್ರೋವೇವ್ ಅಂದರೆ ಏನು?

ಇಬ್ಬರೂ ಸೇರಿ ಕಟ್ಟಿದ್ದು ಮೈಕ್ರೋವೇವ್ ಸಂಶೋಧನೆಯ ಪ್ರಯೋಗಾಲಯ. ಭಾರತದಲ್ಲಿ ಈ ವಿಷಯದ ಕೆಲಸ ಆಗ ಇನ್ನೂ ಶುರುವಾಗುತ್ತಿತ್ತಷ್ಟೆ. ಗಣಿತ ಓದಿದವರಿಗೆ ಇಲ್ಲೇನು ಕೆಲಸ? ಒಂದು ಸಣ್ಣ ಲೆಕ್ಕ ಮಾಡಿದರೆ ಗೊತ್ತಾಗುತ್ತೆ.

ವಿದ್ಯುತ್ಕಾಂತೀಯ ತರಂಗದ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ಈ ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ತರಂಗದೂರ ಸಿಗುತ್ತದೆ. ನಿಮ್ಮ ಮನೆಯ ಕರೆಂಟಿನ ಆವೃತ್ತಿ 50 ಹರ್ಟ್ಸ್. ಭಾಗಿಸಿ ನೋಡಿ: ತರಂಗದೂರ 6,000 ಕಿಲೋಮೀಟರ್! ಅದರ ಮುಂದೆ ಸ್ವಿಚ್ಚಿನಿಂದ ಬಲ್ಬಿನವರೆಗಿನ ತಂತಿ ಲೆಕ್ಕಕ್ಕೇ ಇಲ್ಲ. ಒಂದು ಕ್ಷಣದಲ್ಲಿ ತಂತಿಯ ಈ ತುದಿಯಲ್ಲಿ ಎಷ್ಟು ಕರೆಂಟೋ ಆ ತುದಿಯಲ್ಲೂ ಅಷ್ಟೇ. ಅದಕ್ಕೇ ಓಮ್‌ನ ನಿಯಮ, ಒಂದು ಮಂಡಲದ ಚಿತ್ರ ಇದ್ದರೆ ನಮ್ಮ ಕೆಲಸ ಆಗಿಬಿಡುತ್ತದೆ.

ಈಗ ಆವೃತ್ತಿಯನ್ನು 10 ಗಿಗಾಹರ್ಟ್ಸ್‌ಗೆ ಏರಿಸಿ, ಅಂದರೆ ಸೆಕೆಂಡಿಗೆ ಸಾವಿರ ಕೋಟಿ ಕಂಪನ. ತರಂಗದೂರ ಬರೀ 3 ಸೆಂಟಿಮೀಟರ್. ಒಂದು ಗೇಣಿಗಿಂತ ಚಿಕ್ಕದಾದ 18 ಸೆಂಟಿಮೀಟರ್ ತಂತಿಯಲ್ಲಿ ಆರು ಅಲೆಗಳು! ಒಂದೇ ತಂತಿಯಲ್ಲಿ ಒಂದು ಕಡೆ ಕರೆಂಟು ಮುಂದಕ್ಕೆ, ಒಂದೂವರೆ ಸೆಂಟಿಮೀಟರ್ ಆಚೆ ಹಿಂದಕ್ಕೆ. ಜೊತೆಗೆ ತೆರೆದ ತಂತಿಯಿಂದ ಶಕ್ತಿ ಗಾಳಿಗೆ ಸೋರಿಹೋಗುತ್ತದೆ. ಮಂಡಲದ ಚಿತ್ರ ಇಲ್ಲಿ ಸಾಲದು.

ಹಾಗಾಗಿ ಇಂಜಿನಿಯರರು ತಂತಿಯ ಬದಲು ಲೋಹದ ಟೊಳ್ಳು ಕೊಳವೆ ಬಳಸುತ್ತಾರೆ. ನೀರು ಪೈಪಿನಲ್ಲಿ ಹೋದ ಹಾಗೆ ತರಂಗ ಅದರೊಳಗೆ ಸಾಗುತ್ತದೆ. ಆದರೆ ಒಂದು ಷರತ್ತಿದೆ: ಆಯತಾಕಾರದ ಟೊಳ್ಳು ಕೊಳವೆಯ ಅಗಲ ತರಂಗದೂರದ ಅರ್ಧಕ್ಕಿಂತ ಹೆಚ್ಚಿರಬೇಕು. 3 ಸೆಂಟಿಮೀಟರ್ ತರಂಗಕ್ಕೆ ಒಂದೂವರೆ ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ ಇದ್ದರೆ ಆಯಿತು, ಅಂಗೈಯಲ್ಲಿ ಹಿಡಿಯಬಹುದು. ನಿಮ್ಮ ಅಜ್ಜ ಅಜ್ಜಿ ಗಡಿಯಾಚೆಯಿಂದ ಕೇಳುತ್ತಿದ್ದ ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗ 612 ಕಿಲೋಹರ್ಟ್ಸ್‌ನದು, ತರಂಗದೂರ ಸುಮಾರು 490 ಮೀಟರ್. ಅದನ್ನು ಕೊಳವೆಯಲ್ಲಿ ಕಳಿಸಬೇಕೆಂದರೆ 245 ಮೀಟರಿಗಿಂತ ಅಗಲವಾದ ಕೊಳವೆ ಬೇಕು! ಕೊಳವೆ ಮೈಕ್ರೋವೇವ್‌ಗೆ ಮಾತ್ರ ಯಾಕೆ ಅಂತ ಈಗ ಹೊಳೆಯಿತಲ್ಲ?

ಕೊಳವೆಯೊಳಗೆ ಯಾವ ಜಾಗದಲ್ಲಿ ವಿದ್ಯುತ್ ಕ್ಷೇತ್ರ ಎಷ್ಟು, ಆಂಟೆನಾದಿಂದ ತರಂಗ ಯಾವ ದಿಕ್ಕಿಗೆ ಎಷ್ಟು ಹೊರಡುತ್ತದೆ, ಇದೆಲ್ಲ ಕಣ್ಣಿಗೆ ಕಾಣೋದಿಲ್ಲ. ಮ್ಯಾಕ್ಸ್‌ವೆಲ್ ಸಮೀಕರಣಗಳನ್ನು ಬಿಡಿಸಿ ಕಂಡುಕೊಳ್ಳಬೇಕು, ಆಮೇಲೆ ಉಪಕರಣ ಮಾಡಿ ಅಳೆದು ತಾಳೆ ನೋಡಬೇಕು. ರಾಜೇಶ್ವರಿಯವರ ಗಣಿತ ಇಲ್ಲಿ ಕೈಹಿಡಿಯಿತು, ವಾಷಿಂಗ್ಟನ್ನಿನಲ್ಲಿ ಕಲಿತ ಅಳತೆಯೂ ಕೈಹಿಡಿಯಿತು. ಲೋಹವಲ್ಲದೆ, ವಿದ್ಯುತ್ ಹರಿಯದ ಪ್ಲಾಸ್ಟಿಕ್‌ನಂಥ ವಸ್ತುವಿನ ಸರಳಿನಿಂದಲೂ ಆಂಟೆನಾ ಮಾಡಬಹುದು. ತರಂಗ ಸರಳನ್ನು ಅಂಟಿಕೊಂಡು ಸಾಗಿ ತುದಿಯಿಂದ ಹೊರಬೀಳುತ್ತದೆ. ಇಂಥ ಆಂಟೆನಾಗಳ ಬಗ್ಗೆ ಅವರು ಒಂದು ಪುಸ್ತಕವನ್ನೇ ಬರೆದಿದ್ದಾರೆ. ರೇಡಾರ್, ವಿಮಾನ, ಉಪಗ್ರಹ, ಎಲ್ಲಕ್ಕೂ ಆಂಟೆನಾ ಬೇಕೇ ಬೇಕು.

ಮುಂದೆ ನಿಂತು ನಡೆಸುವುದು

ಅವರು ಮುಂದೆ ಪ್ರಾಧ್ಯಾಪಕಿಯಾದರು, ಆಮೇಲೆ ವಿದ್ಯುತ್ ಸಂವಹನ ಇಂಜಿನಿಯರಿಂಗ್ ವಿಭಾಗದ ಮುಖ್ಯಸ್ಥೆಯೂ ಆದರು. ಸುತ್ತ ಬಹುಪಾಲು ಗಂಡಸರೇ ಇದ್ದ ಕಾಲ ಅದು. ನೂರಕ್ಕೂ ಹೆಚ್ಚು ಸಂಶೋಧನಾ ಲೇಖನ, ಏಳು ಪುಸ್ತಕ, ಪಿಎಚ್‌.ಡಿ. ಮಾಡಿಸಿದ 20 ವಿದ್ಯಾರ್ಥಿಗಳು. ಈ ಕೊನೆಯ ಸಂಖ್ಯೆಯನ್ನು ಇನ್ನೊಮ್ಮೆ ಓದಿ. ಬೇಡ ಅನ್ನಿಸಿಕೊಂಡ ವಿದ್ಯಾರ್ಥಿನಿ, 20 ಜನರಿಗೆ ‘ಬನ್ನಿ’ ಅನ್ನುವ ಜಾಗಕ್ಕೆ ಬಂದಿದ್ದರು. 1982ರಲ್ಲಿ ನಿವೃತ್ತರಾದ ಮೇಲೆ ಮಹಿಳಾ ಅಧ್ಯಯನದ ಕೆಲಸದಲ್ಲಿ ತೊಡಗಿಕೊಂಡರು. 2010ರಲ್ಲಿ ತೀರಿಕೊಂಡರು.

ಅವರಿಗೆ ಓದಿದ ಅಜ್ಜಿ ಇದ್ದರು. ಎಲ್ಲರ ಮನೆಯಲ್ಲೂ ಅಂಥ ಅಜ್ಜಿ ಇರೋದಿಲ್ಲ, ನಮಗೆ ಗೊತ್ತು. ಹಾಗಿದ್ದರೆ ಮನೆಯಲ್ಲಿ ಮಾತಾಡುವ ಮೊದಲು ನಿಮ್ಮ ಗಣಿತದ ಅಥವಾ ವಿಜ್ಞಾನದ ಟೀಚರ್ ಹತ್ತಿರ ಬನ್ನಿ. ಬೇಕಾದರೆ ನಾವೇ ಮನೆಗೆ ಬಂದು ಮಾತಾಡುತ್ತೇವೆ. ಹುಡುಗರೇ, ನಿಮ್ಮ ಅಕ್ಕತಂಗಿಯರ ಪರವಾಗಿ ಒಂದು ಮಾತು ನೀವೂ ಹೇಳಿ.

ಮಾಡಿ ನೋಡಿ: 100 ಮೆಗಾಹರ್ಟ್ಸ್ ಎಫ್‌.ಎಂ. ರೇಡಿಯೋ, 2.4 ಗಿಗಾಹರ್ಟ್ಸ್ ವೈಫೈ, ಇವೆರಡರ ತರಂಗದೂರ ಎಷ್ಟು? ಯಾವುದನ್ನು ಕೈಯಲ್ಲಿ ಹಿಡಿಯುವಂಥ ಕೊಳವೆಯಲ್ಲಿ ಕಳಿಸಬಹುದು? (ಉತ್ತರ: 3 ಮೀಟರ್, 12.5 ಸೆಂಟಿಮೀಟರ್. ವೈಫೈ ತರಂಗವನ್ನು ಕಳಿಸಬಹುದು, ಕೊಳವೆ 6.25 ಸೆಂಟಿಮೀಟರಿಗಿಂತ ಅಗಲ ಇರಬೇಕು.)