ಉಬ್ಬಸ ಇರುವ ಮನೆಗೆ ಎಂಥ ನೆಲ?

ಅಕ್ಕಂದಿರೇ, ನೆಲ ಹಾಕಿಸುವಾಗ ಅಂದ, ದರ ಎರಡನ್ನೇ ನೋಡುತ್ತೇವೆ. ಮನೆಯಲ್ಲಿ ಉಬ್ಬಸದವರಿದ್ದರೆ ಧೂಳು ಎಲ್ಲಿ ಕೂರುತ್ತದೆ ಎಂಬುದನ್ನೂ ನೋಡಿ.

ಕಾರ್ಪೆಟ್ ಬೇಡವೇ ಬೇಡ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ಅದರ ಎಳೆಗಳಲ್ಲಿ ಸೇರುತ್ತದೆ. ಅದನ್ನು ತಿಂದು ಬದುಕುವ, ಕಣ್ಣಿಗೆ ಕಾಣದ ಧೂಳುನುಸಿ ಅಲ್ಲೇ ಬೆಳೆಯುತ್ತದೆ. ಅದರ ಹಿಕ್ಕೆ ಉಸಿರಿನೊಳಗೆ ಹೋದರೆ ಅಲರ್ಜಿ ಇರುವವರಿಗೆ ಉಬ್ಬಸ ಕೆರಳುತ್ತದೆ. ತೇವ ಏಳುವ ನೆಲಕ್ಕೆ ಪ್ಲಾಸ್ಟಿಕ್ ಶೀಟ್ ಹಾಸಿದರೆ ಅಡಿಯಲ್ಲಿ ಬೂಷ್ಟು. ಸಗಣಿ ಸಾರಿಸಿದ ನೆಲ ಒಣಗಿ ಪುಡಿಯಾಗಿ, ಗುಡಿಸಿದಾಗಲೆಲ್ಲ ಮೇಲೇಳುತ್ತದೆ, ಸಾರಿಸುವುದು ಅಂಗಳಕ್ಕಿರಲಿ.

ನಮ್ಮ ಹಾಲು ಹೋಗುವ ಜಯನಗರದ ಹಳೆಯ ಮನೆಗಳಲ್ಲಿ ರೆಡ್ ಆಕ್ಸೈಡ್ ನೆಲ ಈಗಲೂ ಇದೆ. ಸಂದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಧೂಳೆಲ್ಲ ಬಟ್ಟೆಗೆ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಅದನ್ನು ಮಾಡಬಲ್ಲ ಗಾರೆಯವರು ಸಿಗದಿದ್ದರೆ ದೊಡ್ಡ ಅಳತೆಯ ಟೈಲ್ಸ್ ಹಾಕಿಸಿ. ಹೊಳಪಿನದು ಬೇಡ, ಒದ್ದೆ ಕಾಲು ಜಾರುತ್ತದೆ.

ಹಸುವಿನ ಮೈಹೊಟ್ಟು, ಒಣಹುಲ್ಲಿನ ಬೂಷ್ಟು ಕೂಡ ಉಬ್ಬಸ ಕೆರಳಿಸಬಲ್ಲವು. ಎಂಥ ನೆಲ ಹಾಕಿಸಿದರೂ ಕೊಟ್ಟಿಗೆಯ ಚಪ್ಪಲಿ, ಬಟ್ಟೆ ಹೊರಗೇ ಇರಬೇಕು. ಹೊಸ ನೆಲ ಬಂತೆಂದು ಇನ್ಹೇಲರ್ ಬಿಡಬೇಡಿ. ಉಬ್ಬಸ ಹತೋಟಿಗೆ ಬರದಿದ್ದರೆ ಜಯನಗರದ ಹತ್ತಿರವೇ, ನಿಮ್ಹಾನ್ಸ್ ಬಳಿ, ರಾಜೀವ್ ಗಾಂಧಿ ಎದೆರೋಗಗಳ ಸರ್ಕಾರಿ ಆಸ್ಪತ್ರೆ ಇದೆ, ಅಲ್ಲಿ ತೋರಿಸಿ.